ಮೂರು ಕೆಲಸದ ಮೆಷಿನ್ನು, ಒಂದೇ ಪ್ಲಗ್ಗು

ಐದು ದಿನ ಬೆಂಗಳೂರಿನಲ್ಲಿ ಕೋಡ್ ಬರೆದು ಶನಿವಾರ ಮಾಗಡಿಗೋ ಕನಕಪುರಕ್ಕೋ ಗಾಡಿ ತಿರುಗಿಸೋ ನಮ್ಮಂಥವರಿಗೆ ಈಗ ಹೊಸ ಹುಚ್ಚೊಂದು ಹತ್ತಿದೆ. ಊರಿನ ಮನೆಗೆ ಒಂದು ವೆಲ್ಡಿಂಗ್ ಮೆಷಿನ್ ಬೇಕು. ಹುಚ್ಚು ಒಳ್ಳೆಯದೇ. ಗೇಟಿನ ಹಿಂಜ್ ಕಿತ್ತಿರುತ್ತೆ, ರೇಷ್ಮೆ ಮನೆಯ ಸ್ಟ್ಯಾಂಡಿನ ಆಂಗಲ್ ಬಿಟ್ಟಿರುತ್ತೆ, ಕೊಟ್ಟಿಗೆ ಶೀಟಿಗೆ ಇನ್ನೊಂದು ಪೈಪು ಕೊಡಬೇಕಿರುತ್ತೆ. ಕೆಲಸಕ್ಕೇನು ಬರ ಇಲ್ಲ.

ನನ್ನ ತಕರಾರು ನಾವು ಆರಿಸೋ ಮೆಷಿನ್ ಬಗ್ಗೆ. ಸ್ಟಿಕ್, ಮಿಗ್, ಟಿಗ್ ಮೂರೂ ಒಂದರಲ್ಲೇ, ಮೇಲೆ ದಪ್ಪಕ್ಷರದಲ್ಲಿ 200, 250 ಆಂಪ್ಸ್, ಒಂದು ಡಿಜಿಟಲ್ ಡಿಸ್‌ಪ್ಲೇ, ಎಲ್ಲಾ ಸೇರಿ ಅಗ್ಗ. ಫೋನ್ ಕೊಳ್ಳುವ ಹಾಗೆ ಫೀಚರ್ ಎಣಿಸಿ ಕೊಂಡುಬಿಡ್ತೀವಿ. ಮನೆ ಬಳಕೆಗೆ, ಆ ಬೆಲೆಗೆ, ಇದು ದಂಡದ ಖರ್ಚು ಅನ್ನೋದು ನನ್ನ ವಾದ. ಬರೀ ಸ್ಟಿಕ್ ಇನ್ವರ್ಟರ್ ತಗೊಳ್ಳಿ. ಮಿಕ್ಕ ದುಡ್ಡನ್ನು ಹೆಲ್ಮೆಟ್ಟಿಗೂ ವೈರಿಂಗಿಗೂ ಹಾಕಿ.

ನನ್ನ ಮಾತು ನಂಬಬೇಡಿ, ಲೆಕ್ಕ ಹಾಕಿ. ಸ್ಟಿಕ್ ವೆಲ್ಡಿಂಗಿನಲ್ಲಿ ಆರ್ಕಿನ ವೋಲ್ಟೇಜಿಗೆ ಒಂದು ಒಪ್ಪಿತ ಸೂತ್ರ ಇದೆ: 20ಕ್ಕೆ ಆಂಪ್ಸಿನ 0.04 ಪಟ್ಟು ಕೂಡಿಸಬೇಕು. 200 ಆಂಪ್ಸಿಗೆ 28 ವೋಲ್ಟ್, ಅಂದರೆ 5,600 ವ್ಯಾಟ್. ಮೆಷಿನ್ನಿನೊಳಗೆ ಶೇ. 15 ನಷ್ಟ ಅಂತ ಹಿಡಿದರೆ ಗೋಡೆಯಿಂದ ಸುಮಾರು 6,600 ವ್ಯಾಟ್ ಬರಬೇಕು. ನಿಮ್ಮ ಮನೆಯ 16 ಆಂಪ್ಸ್ ಸಾಕೆಟ್ ಕೊಡೋದು 230 ಗುಣಿಸು 16, ಅಂದರೆ 3,680 ವ್ಯಾಟ್. ಸಾಕೆಟ್ಟಿನಲ್ಲಿ ಇಲ್ಲದ ಕರೆಂಟು ರಾಡಿನ ತುದಿಗೆ ಎಲ್ಲಿಂದ ಬಂತು ಸ್ವಾಮಿ? ಡಬ್ಬದ ಮೇಲೆ ಏನು ಬರೆದಿದ್ದರೂ ನಿಮ್ಮ ಮಿತಿ ಗೋಡೆಯಲ್ಲೇ ಇದೆ.

ಖುಷಿಯ ವಿಷಯ ಅಂದರೆ ನಮಗೆ ಅಷ್ಟು ಬೇಕೇ ಇಲ್ಲ. ಗೇಟು, ಗ್ರಿಲ್ಲು, ಸ್ಟ್ಯಾಂಡು ಇವೆಲ್ಲ ತೆಳು ಕೆಲಸ. 2.5 ಎಂಎಂ ರಾಡು, 80 ಆಂಪ್ಸ್ ಆಸುಪಾಸು. ಅದೇ ಸೂತ್ರ ಹಾಕಿದರೆ ಗೋಡೆಯಿಂದ ಸುಮಾರು 2,200 ವ್ಯಾಟ್. ಅಗ್ಗದ ಇನ್ವರ್ಟರಿನ ಪವರ್ ಫ್ಯಾಕ್ಟರ್ 0.7 ಅಂತ ಇಟ್ಟುಕೊಂಡರೂ 14 ಆಂಪ್ಸ್ ಒಳಗೇ. ಆದರೆ ಹಳ್ಳಿ ಲೈನಿನಲ್ಲಿ ಸಂಜೆ ಹೊತ್ತು ವೋಲ್ಟೇಜ್ 190ಕ್ಕೆ ಇಳೀತು ಅನ್ನಿ, ಅದೇ ಕೆಲಸಕ್ಕೆ 16 ದಾಟುತ್ತೆ. ಹಾಗಾಗಿ ಕೊಳ್ಳುವಾಗ ಔಟ್‌ಪುಟ್ ಅಂಕಿ ಮಾತ್ರ ಅಲ್ಲ, ಇನ್‌ಪುಟ್ ಕರೆಂಟ್ ಎಷ್ಟು, ಎಷ್ಟು ವೋಲ್ಟೇಜಿನ ತನಕ ನಡೆಯುತ್ತೆ ಅಂತ ಕೇಳಿ. ಡ್ಯೂಟಿ ಸೈಕಲ್ಲನ್ನೂ ಕೇಳಿ. ಶೇ. 60 ಅಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಕೆಲಸ, ನಾಲ್ಕು ನಿಮಿಷ ವಿಶ್ರಾಂತಿ. ಯಾವ ಆಂಪ್ಸಿಗೆ, ಎಷ್ಟು ಡಿಗ್ರಿ ಬಿಸಿಲಲ್ಲಿ ಅಂತ ಹೇಳದ ಡ್ಯೂಟಿ ಸೈಕಲ್ ಬರೀ ಅಲಂಕಾರ.

ಇನ್ನು ಆ ಮೂರು ಕೆಲಸಗಳು. ಈ ಬೆಲೆಯ ಮೆಷಿನ್ನುಗಳ ಟಿಗ್ ಸಾಮಾನ್ಯವಾಗಿ ಡಿಸಿ ಮಾತ್ರ. ಅಲ್ಯೂಮಿನಿಯಮ್ಮಿಗೆ ಎಸಿ ಬೇಕು, ಅಲ್ಲಿಗೆ ಆ ಕನಸು ಮುಗೀತು. ಉಳಿದದ್ದು ಸ್ಟೀಲು. ಅದಕ್ಕೂ ಆರ್ಗಾನ್ ಸಿಲಿಂಡರ್, ರೆಗ್ಯುಲೇಟರ್, ಟಾರ್ಚು ಬೇಕು. ಎಷ್ಟೋ ಸಲ ಟಾರ್ಚು ಡಬ್ಬದಲ್ಲೇ ಇರಲ್ಲ. ವರ್ಷಕ್ಕೆ ಎರಡು ಸಲದ ಕೆಲಸಕ್ಕೆ ಸಿಲಿಂಡರ್ ಸಾಕಬೇಕಾ? ಮಿಗ್ಗಿಗೂ ಗ್ಯಾಸು ಬೇಕು, ಆ ಗ್ಯಾಸಿಗೆ ಗಾಳಿ ಆಗಲ್ಲ. ರಾಮನಗರದ ಬಂಡೆಗಳ ಕಡೆಯಿಂದ ಬೀಸೋ ಗಾಳಿಗೆ ಅಂಗಳದಲ್ಲಿ ನಿಂತು ಮಿಗ್ ಹಿಡಿದರೆ ಬೆಸುಗೆ ತುಂಬಾ ತೂತು. ಗ್ಯಾಸಿಲ್ಲದ ಫ್ಲಕ್ಸ್ ವೈರ್ ಇದೆ ಅಂತೀರಿ. ಇದೆ. ಅದಕ್ಕೆ ಪೊಲಾರಿಟಿ ಅದಲು ಬದಲು ಮಾಡಬೇಕು, ಮತ್ತೆ ಮಳೆಗಾಲ ಪೂರ್ತಿ ಮೆಷಿನ್ನಿನಲ್ಲೇ ಕೂತ ಸುರುಳಿ ತುಕ್ಕು ಹಿಡಿದು ಫೀಡರಿನಲ್ಲಿ ಸಿಕ್ಕಿಕೊಳ್ಳುತ್ತೆ. 6013 ರಾಡು ಹಾಗಲ್ಲ, ಯಾವುದೇ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ. ಒಂದು ಮಾತು ಮರೀಬೇಡಿ: ಮೂರಕ್ಕೂ ಇರೋದು ಒಂದೇ ಬೋರ್ಡು. ಅದು ಸುಟ್ಟರೆ ಮೂರೂ ಒಟ್ಟಿಗೇ ಹೋದವು.

ಎದುರು ವಾದವೂ ಗಟ್ಟಿಯಾಗೇ ಇದೆ. ಮಿಗ್ ಕಲಿಯೋದು ಸುಲಭ, ತೆಳು ಶೀಟು ತೂತು ಬೀಳಲ್ಲ. ನಿಜ. ವಾರ ವಾರ ತೆಳು ಶೀಟಿನದೇ ಕೆಲಸ, ಗೋಡೆ ಇರೋ ಶೆಡ್ಡು, ಅದಕ್ಕೆ ಬೇರೆ ಲೈನು ಇದ್ದರೆ ಒಳ್ಳೆಯ ಮಿಗ್ ಒಂದನ್ನೇ ತಗೊಳ್ಳಿ, ನಾನು ತಡೆಯಲ್ಲ. ಹಬ್ಬಕ್ಕೊಂದು ಸಲ ಹಿಂಜ್ ಕೂರಿಸೋರಿಗೆ ಈ ವಾದ ಒಪ್ಪಲ್ಲ. ಚನ್ನಪಟ್ಟಣದಲ್ಲಿ ಗೊಂಬೆ ಮಾಡೋರನ್ನು ನೋಡಿ. ಒಂದು ಲೇತು, ನಾಲ್ಕಾರು ಉಳಿ. ತಿರುಗೋ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತೆ. ಎಷ್ಟು ಒತ್ತಬೇಕು ಅನ್ನೋದು ಕೈಗೆ ಗೊತ್ತು, ಡಿಸ್‌ಪ್ಲೇಗಲ್ಲ. ಸ್ಟಿಕ್ಕೂ ಹಾಗೇ. ಹತ್ತು ಕೆ.ಜಿ. ಗುಜರಿ ಕಬ್ಬಿಣದ ಮೇಲೆ ಗೆರೆ ಎಳೆಯಿರಿ, ಕೈ ಕಲಿಯುತ್ತೆ.

ಈಗ ಉಳಿಸಿದ ದುಡ್ಡಿನ ಮಾತು. ಆಟೋ ಡಾರ್ಕ್ ಹೆಲ್ಮೆಟ್ ಒಂದು, ಈ ಕೆಲಸಕ್ಕೆ ಶೇಡ್ 10. ಆರ್ಕಿನ ಅಲ್ಟ್ರಾವಯಲೆಟ್ ಬೆಳಕು ಆ ಕ್ಷಣಕ್ಕೆ ನೋಯಿಸಲ್ಲ. ಕೆಲವು ಗಂಟೆ ಕಳೆದು, ಮಲಗಿದ ಮೇಲೆ ಕಣ್ಣಿಗೆ ಮರಳು ಸುರಿದ ಹಾಗಾಗುತ್ತೆ. ನಿಂತು ನೋಡೋ ಮಕ್ಕಳಿಗೂ ಅಷ್ಟೇ, ಅವರನ್ನು ಆಚೆ ಕಳಿಸಿ. ಚರ್ಮದ ಗ್ಲೌಸು, ಕಾಟನ್ ಪೂರ್ತಿ ತೋಳಿನ ಅಂಗಿ. ಜಿಐ ಪೈಪಾದರೆ ಸತುವಿನ ಲೇಪ ಉಜ್ಜಿ ತೆಗೆಯಿರಿ, ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ. ಮೀಟರ್ ಬೋರ್ಡಿನಿಂದ 4 ಚದರ ಎಂಎಂ ತಾಮ್ರದ ವೈರು, ಅದಕ್ಕೊಂದು ಎಂಸಿಬಿ, ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಲಿ. ಕಬ್ಬಿಣಕ್ಕೆ ಕಚ್ಚಿಸೋ ಕ್ಲ್ಯಾಂಪನ್ನು ನಾವು ಅರ್ಥ್ ಅಂತೀವಿ, ಅದು ಅರ್ಥಿಂಗ್ ಅಲ್ಲ ಕಣ್ರೀ. ಮೆಷಿನ್ನಿನ ಮೈಗೆ ಕರೆಂಟು ಬಂದರೆ ನಿಮ್ಮನ್ನು ಉಳಿಸೋದು ಸಾಕೆಟ್ಟಿನ ಮೂರನೇ ಪಿನ್ನು. ಅದರ ಹಿಂದೆ ವೈರೇ ಇಲ್ಲದ ಮನೆಯಲ್ಲಿ ಎಷ್ಟು ದುಬಾರಿ ಮೆಷಿನ್ ಇಟ್ಟರೂ ಅಪಾಯವೇ.

ಹಾಗೇ ಮೆಷಿನ್ ಬಂತು ಅಂತ ಎಲ್ಲದಕ್ಕೂ ಕೈ ಹಾಕಬೇಡಿ. ಟ್ರಾಕ್ಟರ್ ಟ್ರೇಲರಿನ ಹುಕ್ಕು, ಮೆಟ್ಟಿಲು, ಬಾಲ್ಕನಿಯ ಕಂಬಿ, ಅಂದರೆ ಮುರಿದರೆ ಜೀವ ಹೋಗೋ ಕೆಲಸ, ರಸ್ತೆ ಪಕ್ಕದ ವೆಲ್ಡಿಂಗ್ ಅಂಗಡಿಗೇ ಹೋಗಲಿ. ಅಲ್ಲಿ ಚೌಕಾಸಿ ಮಾಡುವ ಮುಂಚೆ ಕೆಲಸ ಮಾಡೋ ಹುಡುಗನ ಮುಖ ನೋಡಿ. ಎಷ್ಟೋ ಕಡೆ ಅವನ ಕಣ್ಣಿಗಿರೋದು ಒಂದು ಕಪ್ಪು ಕನ್ನಡಕ ಅಷ್ಟೇ. ನಾವು ಯಾವತ್ತೂ ಒತ್ತದ ಟಿಗ್ ಬಟನ್ನಿಗೆ ಸಾವಿರಗಟ್ಟಲೆ ಕೊಡ್ತೀವಿ, ದಿನಾ ಆರ್ಕ್ ನೋಡೋ ಕಣ್ಣಿಗೆ ಹತ್ತು ರೂಪಾಯಿ ಇಳಿಸು ಅಂತೀವಿ. ಮೆಷಿನ್ ಆರಿಸೋದಕ್ಕಿಂತ ಮೊದಲು ಈ ಲೆಕ್ಕ ಸರಿಮಾಡಿಕೊಳ್ಳೋಣ.