ಎರಡು ಊರಿಗೆ ಒಂದು ಲೆಕ್ಕಪುಸ್ತಕ

ನಮ್ಮ ಮನೆ ಬಂಗಾರಪೇಟೆಯಲ್ಲಿ, ಖಾಲಾ ಮನೆ ರಾಬರ್ಟ್‌ಸನ್‌ಪೇಟೆಯಲ್ಲಿ. ಅಮ್ಮಿ ಫೋನ್ ಮಾಡಿದರೆ ಸಲಾಂ ಆದ ಮೇಲೆ ಕೇಳುವ ಮೊದಲ ಮಾತು, "ಪಾನೀ ಆಯಾ ಕ್ಯಾ?" ಅಂದರೆ ನೀರು ಬಂತಾ ಎಂದು. ಖಾಲಾ ಕೇಳುವುದೂ ಅದನ್ನೇ. ಎರಡೂ ಊರಿನ ಪ್ರಶ್ನೆ ಒಂದೇ ಆಗಿದ್ದರೂ ಉತ್ತರವನ್ನು ಒಂದು ಕಡೆ ಪುರಸಭೆ, ಇನ್ನೊಂದು ಕಡೆ ನಗರಸಭೆ ಬೇರೆ ಬೇರೆಯಾಗಿ ಹುಡುಕುತ್ತಿವೆ.

ಸೇರಿ ಮಾಡಿದರೆ ಆಗುತ್ತದೆಯೇ ಎನ್ನುವವರು ಯರಗೋಳ್ ನೋಡಲಿ. ಬಂಗಾರಪೇಟೆ ತಾಲ್ಲೂಕಿನಲ್ಲಿ ಮಾರ್ಕಂಡೇಯ ನದಿಗೆ ಕಟ್ಟಿದ ಈ ಅಣೆಕಟ್ಟು 2023ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಬಂಗಾರಪೇಟೆ, ಕೋಲಾರ, ಮಾಲೂರು ಪಟ್ಟಣಗಳಿಗೂ ದಾರಿಯ ಹಳ್ಳಿಗಳಿಗೂ ಕುಡಿಯುವ ನೀರು ಕೊಡುವ ಯೋಜನೆ ಅದು. ಒಂದೇ ಪುರಸಭೆ ತನ್ನ ಮನೆ ತೆರಿಗೆಯಲ್ಲಿ ಇಷ್ಟು ದೊಡ್ಡದನ್ನು ಕಟ್ಟಲು ಆಗುತ್ತಿತ್ತೇ? ಆದರೆ ಆ ಪಟ್ಟಿಯಲ್ಲಿ ಕೆ.ಜಿ.ಎಫ್. ಇಲ್ಲ. ಅದು ಗಣಿ ಕಾಲದಿಂದ ಪಾಲಾರ್ ನದಿಯ ಬೇತಮಂಗಲ ಕೆರೆಯನ್ನು ನೆಚ್ಚಿಕೊಂಡು ಬಂದ ಊರು. ಮಳೆ ಕೈಕೊಟ್ಟರೆ ಕೆರೆಯೂ ಕೈಕೊಡುತ್ತದೆ. ಅಂಥ ವರ್ಷ ಯರಗೋಳಿನಿಂದ ಅತ್ತ, ಬೇತಮಂಗಲ ತುಂಬಿದ ವರ್ಷ ಇತ್ತ ನೀರು ಕೊಡಬಹುದೇ, ಪೈಪಿನ ಖರ್ಚೆಷ್ಟು ಎಂದು ಕೂತು ಲೆಕ್ಕ ಹಾಕುವವರು ಯಾರು?

ಅಬ್ಬು ಇದನ್ನು ಒಪ್ಪುವುದಿಲ್ಲ. "ದೊಡ್ಡ ಊರಿನ ಜೊತೆ ಸೇರಿದರೆ ನಮ್ಮ ನೀರೂ ಅವರಿಗೇ" ಎನ್ನುತ್ತಾರೆ. ಕೆ.ಜಿ.ಎಫ್. ಗೆಳೆಯರನ್ನು ಕೇಳಿದರೆ, "ಬಂಗಾರಪೇಟೆ ಬಿಟ್ಟು ಬೇರೆ ತಾಲ್ಲೂಕು ಆಗಿದ್ದೇ ಈಗ, ಮತ್ತೆ ಅಲ್ಲಿಗೇ ಬರಬೇಕಾ?" ಎನ್ನುತ್ತಾರೆ. ಎರಡೂ ಭಯ ಸುಳ್ಳಲ್ಲ. 2011ರ ಜನಗಣತಿಯಂತೆ ರಾಬರ್ಟ್‌ಸನ್‌ಪೇಟೆ ನಗರಸಭೆಯ ಜನಸಂಖ್ಯೆ ಸುಮಾರು 1.6 ಲಕ್ಷ, ಬಂಗಾರಪೇಟೆಯದು ಸುಮಾರು 45 ಸಾವಿರ.

ನಮ್ಮ ಅಕೌಂಟೆನ್ಸಿ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಪಾಲುದಾರರ ನಡುವೆ ಒಪ್ಪಂದ ಪತ್ರ ಇಲ್ಲದಿದ್ದರೆ 1932ರ ಕಾಯ್ದೆಯಂತೆ ಲಾಭ ನಷ್ಟ ಎಲ್ಲರಿಗೂ ಸಮ. ಬಂಡವಾಳ ಹೆಚ್ಚು ಹಾಕಿದವನು ಆಮೇಲೆ ಜಗಳ ಮಾಡಿ ಪ್ರಯೋಜನವಿಲ್ಲ. ಅದಕ್ಕೇ ಮೊದಲು ಬರೆದುಕೊಳ್ಳಬೇಕು. ನನ್ನ ಪ್ರಕಾರ ಖರ್ಚು ಬಳಸುವ ನೀರಿನ ಅಳತೆಯಂತೆ ಹಂಚಲಿ, ಆದರೆ ತೀರ್ಮಾನದಲ್ಲಿ ಓಟು ಸಮ ಇರಲಿ. ಆಗ ಸಣ್ಣ ಊರು ನುಂಗಿಹೋಗುವುದಿಲ್ಲ, ದೊಡ್ಡ ಊರು ದಂಡ ತೆರುವುದಿಲ್ಲ.

ತಡ ಮಾಡಿದರೆ ಬೆಂಗಳೂರು ಕಾಯುವುದಿಲ್ಲ. ಚೆನ್ನೈ ಎಕ್ಸ್‌ಪ್ರೆಸ್‌ವೇ ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಬೇತಮಂಗಲದ ಕಡೆಗೇ ಬಂದಿದೆ, ಹಿಂದೆಯೇ ಸೈಟು ಮಾರುವವರೂ ಬರುತ್ತಾರೆ. ಎರಡು ಊರಿನ ಮಧ್ಯದ ಹೊಲದಲ್ಲಿ ಲೇಔಟ್ ಎದ್ದರೆ ಅದರ ಚರಂಡಿ ಯಾರದು, ಕಸ ಎಲ್ಲಿಗೆ? ಬೆಂಗಳೂರು ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ನೋಡಿಕೊಳ್ಳುತ್ತದೆ ಎನ್ನುವಂತಿಲ್ಲ, ಅದರ ವ್ಯಾಪ್ತಿಯಲ್ಲಿ ಕೋಲಾರ ಜಿಲ್ಲೆ ಇಲ್ಲ.

ಹೊಸ ಕಾನೂನೇನೂ ಬೇಕಿಲ್ಲ. 74ನೇ ತಿದ್ದುಪಡಿಯಿಂದ ಬಂದ ಸಂವಿಧಾನದ 243ಝಡ್‌ಡಿ ವಿಧಿ, ಪ್ರತಿ ಜಿಲ್ಲೆಗೂ ಯೋಜನಾ ಸಮಿತಿ ಇರಬೇಕು, ಅದು ಪಟ್ಟಣ ಮತ್ತು ಪಂಚಾಯಿತಿಗಳು ನೀರನ್ನು ಹಂಚಿಕೊಳ್ಳುವ ವಿಷಯವನ್ನೂ ಗಮನಿಸಬೇಕು ಎನ್ನುತ್ತದೆ. ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ಪಟ್ಟಣಗಳ ಚುನಾಯಿತ ಸದಸ್ಯರ ಪೈಕಿ ಆರಿಸಿ ಬರಬೇಕು. ಆದರೆ 2016ರಲ್ಲಿ ಆರಿಸಿಬಂದ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದಿದೆ. ಚುನಾವಣೆಯೇ ಇಲ್ಲದೆ ಸಮಿತಿಗೆ ಬರುವವರು ಯಾರು? ನನಗೆ ಸಿಟ್ಟು ಬರುವುದು ಇಲ್ಲೇ.

ಅಲ್ಲಿಯವರೆಗೆ ಎರಡೂ ಊರಿನವರು ಬಜೆಟ್‌ಗೆ ಮೊದಲು, ಮಧ್ಯದ ಗ್ರಾಮ ಪಂಚಾಯಿತಿಗಳನ್ನೂ ಕರೆದು, ಒಂದು ದಿನ ಕೂತು ನೀರಿನ ಲೆಕ್ಕ ಒಂದನ್ನಾದರೂ ಮಾಡಲಿ. ಹೀಗೆ ಕೇಳುವ ಒಂದು ಪುಟದ ಅರ್ಜಿ ಬರೆದು ವಾಣಿಜ್ಯ ವಿಭಾಗದಲ್ಲಿ ಇಟ್ಟಿದ್ದೇನೆ. ಬಂಗಾರಪೇಟೆಯವರ ಸಹಿಗೆ ಎಡಗಡೆ, ಕೆ.ಜಿ.ಎಫ್.ನವರ ಸಹಿಗೆ ಬಲಗಡೆ ಜಾಗ ಬಿಟ್ಟಿದ್ದೇನೆ. ತಪ್ಪಿದ್ದರೆ ಮೇಷ್ಟ್ರುಗಳು ತಿದ್ದಿಕೊಡಬೇಕು.