ಅಂಗಳವಿಲ್ಲದ ಮನೆಯ ನಾಯಿ

ಈಚೆಗೆ ನಮ್ಮ ಸಮಾಜದ ಕೆಲವು ಯುವ ದಂಪತಿಗಳ ಮನೆಗಳಲ್ಲಿ ಬೀಗಲ್ ಎಂಬ ತಳಿಯ ನಾಯಿಯನ್ನು ಕಾಣುತ್ತಿದ್ದೇನೆ. ಹಿರಿಯರ ಆಕ್ಷೇಪ ಒಂದೇ: “ಅಂಗಳವಿಲ್ಲದ ಎರಡು ಕೋಣೆಯ ಮನೆಯಲ್ಲಿ ನಾಯಿಯೇ?” ಈ ಆಕ್ಷೇಪವು ತಪ್ಪನ್ನು ತಪ್ಪಾದ ಸ್ಥಳದಲ್ಲಿ ಹುಡುಕುತ್ತಿದೆಯೆಂಬುದು ನನ್ನ ವಾದ.

ವಳ್ಳೂರಿನ ನಮ್ಮ ಮನೆಗೆ ವಿಶಾಲವಾದ ಹಿತ್ತಿಲಿದೆ. ಅಲ್ಲಿಯ ಹುಣಸೆಮರದ ಬುಡದಲ್ಲಿ ಹಿಂದೆ ಒಂದು ನಾಯಿಯಿತ್ತು. ಅದರ ಸರಪಳಿಯ ಉದ್ದ ನಾಲ್ಕು ಮೊಳ. ಒಂಬತ್ತು ವರ್ಷಗಳ ಕಾಲ ಉಳಿದ ಹಿತ್ತಿಲನ್ನು ಅದು ನೋಡಿತೇ ಹೊರತು ತುಳಿಯಲಿಲ್ಲ. ನಾವಾದರೋ ನೀರನ್ನು ಸೋಸಿ ಕುಡಿದು, ಸೂರ್ಯಾಸ್ತಕ್ಕೆ ಮುನ್ನ ಉಣ್ಣುತ್ತಿದ್ದೆವು. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಮೊದಲು ಹೇಳಿರುವುದೇ ಬಂಧ. ವಧ ಅದರ ನಂತರ. ದಶಲಕ್ಷಣ ಪರ್ವದಲ್ಲಿ ವರ್ಷವರ್ಷವೂ ಆ ಸೂತ್ರವನ್ನು ಕೇಳಿದ ನಾನು ಸರಪಳಿಯತ್ತ ಒಮ್ಮೆಯೂ ತಿರುಗಿ ನೋಡಲಿಲ್ಲ.

ಬೀಗಲ್ ಇಂಗ್ಲೆಂಡಿನಲ್ಲಿ ಮೊಲದ ಬೇಟೆಗೆಂದು ಬೆಳೆಸಿದ ತಳಿ. ಎತ್ತರ 13ರಿಂದ 16 ಅಂಗುಲ, ತೂಕ ಸುಮಾರು 10 ಕಿಲೋ. ಈ ಗಾತ್ರವನ್ನು ತೋರಿಸಿ ಮಾರುವವನು ಸಣ್ಣ ಮನೆಗೆ ಹೇಳಿಮಾಡಿಸಿದ ನಾಯಿಯೆನ್ನುತ್ತಾನೆ. ಅರ್ಧಸತ್ಯ. ಈ ಪ್ರಾಣಿಯ ಲೋಕವೆಲ್ಲ ಮೂಗಿನಲ್ಲಿದೆ. ವಾಸನೆ ಹಿಡಿದು ಹೊರಟರೆ ಕರೆದರೂ ಕೇಳದು. ಹೀಗಾಗಿ ಬೇಲಿಯಿಲ್ಲದ ಅಂಗಳ ಅದಕ್ಕೆ ಅಪಾಯವೇ. ಗುಂಪಿನಲ್ಲಿ ಓಡಿದ ವಂಶವಾದ್ದರಿಂದ ಒಂಟಿತನವನ್ನು ತಾಳದು. ದೂರದ ಬೇಟೆಗಾರನಿಗೆ ಕೇಳಿಸಲೆಂದು ಬಂದ ಆ ದೀರ್ಘವಾದ ಊಳು ಪಕ್ಕದ ಮನೆಯ ಗೋಡೆಗೆ ನಿಲ್ಲುತ್ತದೆಯೇ? ಹೊಟ್ಟೆಬಾಕತನವೂ ಉಂಟು, ನಡಿಗೆಯಿಲ್ಲದಿದ್ದರೆ ಬೇಗ ಕೊಬ್ಬುತ್ತದೆ. ದಿನಕ್ಕೆರಡು ಹೊತ್ತು, ಒಟ್ಟು ಒಂದು ಗಂಟೆಗೆ ಕಡಿಮೆಯಿಲ್ಲದೆ, ಮನಸಾರೆ ಮೂಸಲು ಬಿಟ್ಟು ನಡೆಸುವವರಿದ್ದರೆ ಎರಡು ಕೋಣೆ ಸಾಕು. ಇಲ್ಲದಿದ್ದರೆ ಎರಡು ಎಕರೆಯೂ ಸಾಲದು.

ಶಾಸ್ತ್ರವನ್ನು ಮರೆಮಾಚಲಾರೆ. ಕಾರ್ತಿಕೇಯಾನುಪ್ರೇಕ್ಷೆಯು ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡದಲ್ಲಿ ಸೇರಿಸಿದೆ. ಹಣ ತೆತ್ತು ಮರಿ ಕೊಳ್ಳುವವರು ಇದಕ್ಕೆ ಉತ್ತರ ಹೇಳಬೇಕು. ತಾಯಿನಾಯಿಯನ್ನು ಪಂಜರದಲ್ಲಿಟ್ಟು ಮತ್ತೆ ಮತ್ತೆ ಈಯಿಸುವ ವ್ಯಾಪಾರಕ್ಕೆ ಶ್ರಾವಕನ ಹಣ ಸಲ್ಲಬಾರದು. ಆದರೆ ಈಗಾಗಲೇ ಹುಟ್ಟಿ ಗತಿಯಿಲ್ಲದಿರುವ ಜೀವದ ಮಾತು ಬೇರೆ. ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರವನ್ನು ಉಸುರಿದ ಜೀವಂಧರನು ಅದರ ಜಾತಿಯನ್ನು ವಿಚಾರಿಸಲಿಲ್ಲ. ಆ ನಾಯಿ ಯಕ್ಷನಾಗಿ ಹುಟ್ಟಿ ಅವನಿಗೆ ನೆರವಾಯಿತೆಂಬ ಕಥೆಯನ್ನು ನಮ್ಮವರೆಲ್ಲ ಬಲ್ಲರು. ಸೌಮ್ಯಸ್ವಭಾವದ್ದೆಂಬ ಕಾರಣದಿಂದಲೇ ಔಷಧಪ್ರಯೋಗಕ್ಕೆ ಬೀಗಲ್ ಗುರಿಯಾಯಿತು. 2016ರಲ್ಲಿ ಬೆಂಗಳೂರಿನ ಪ್ರಯೋಗಾಲಯವೊಂದರಿಂದ ಬಿಡುಗಡೆಯಾದ ನೂರೈವತ್ತಕ್ಕೂ ಹೆಚ್ಚು ಬೀಗಲ್‌ಗಳಿಗೆ ಕ್ಯೂಪಾ ಎಂಬ ಪ್ರಾಣಿದಯಾ ಸಂಸ್ಥೆಯು ಮನೆಗಳನ್ನು ಹುಡುಕಿತು. ಪಂಜರದಿಂದ ಬಂದ ಅಂತಹ ಜೀವವನ್ನು ತಂದವರ ಮನೆಯಲ್ಲಿ ಅಂಗಳವೆಷ್ಟೆಂದು ಅಳೆಯಲು ನನಗೆ ನಾಲಿಗೆ ಬಾರದು.

ಆಹಾರದ ವಿಷಯ ಸೂಕ್ಷ್ಮ. ಪಶುವೈದ್ಯರನ್ನು ಕೇಳಿ ಪೋಷಕಾಂಶಗಳನ್ನು ಸರಿದೂಗಿಸಿದರೆ ನಾಯಿ ಸಸ್ಯಾಹಾರದಲ್ಲಿ ಬಾಳಬಲ್ಲದು. ಬರಿಯ ಹಾಲು ಅನ್ನ ಹಾಕಿ, “ನಮ್ಮ ನಾಯಿಯೂ ಜೈನನೇ” ಎಂದು ಬೀಗುವುದು ಅನ್ನಪಾನನಿರೋಧಕ್ಕೆ ತೀರ ಸಮೀಪದ್ದು.

ಟ್ರಸ್ಟುಗಳ ಆಡಳಿತದಲ್ಲಿರುವ ಬಾಡಿಗೆ ಮನೆಗಳ ಕರಾರಿನಲ್ಲಿ ನಾಯಿ ನಿಷಿದ್ಧವೆಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಹಗಲು ಮನೆಯಲ್ಲಿ ಯಾರಿರುತ್ತಾರೆ, ನಾಯಿಯನ್ನು ನಡೆಸುವವರು ಯಾರು ಎಂದು ಕೇಳುವುದು ಕಷ್ಟ, ಕೇಳಬೇಕಾದದ್ದು ಅದೇ. ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ವ್ಯಾಯಾಮ ಕೊಡದಿರುವುದು 1960ರ ಪ್ರಾಣಿಹಿಂಸಾ ತಡೆ ಕಾಯಿದೆಯಲ್ಲಿಯೂ ಅಪರಾಧವೇ. ಸರ್ಕಾರದ ಕಾಯಿದೆ ನಮ್ಮ ಕರಾರಿಗಿಂತ ಮುಂದಿದೆಯೆಂದರೆ ನಾಚಿಕೆಪಡಬೇಕಾದವರು ನಾವು.

ಬೆಂಗಳೂರಿನಲ್ಲಿರುವ ನನ್ನ ಮಗನೂ ಒಂದು ಬೀಗಲ್ ಮರಿಯನ್ನು ಕೊಂಡು ತಂದನು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಬೀಗ ಹಾಕಿದ ಮನೆಯಲ್ಲಿ ಅದೊಂದೇ. ನೆರೆಯವರು ದೂರಿದಾಗ, “ಅಪ್ಪಾಜಿ, ಊರಿಗೆ ಕಳುಹಿಸುತ್ತೇವೆ, ಅಲ್ಲಿ ಹಿತ್ತಿಲಿದೆಯಲ್ಲ” ಎಂದನು. ನನಗೆ ಎಪ್ಪತ್ತು ದಾಟಿದೆ, ಮಂಡಿನೋವಿನಿಂದ ನಡೆಯಲಾರೆ. ಇಲ್ಲಿಗೆ ಬಂದರೆ ಹುಣಸೆಮರವೇ ಅದಕ್ಕೆ ಗತಿ. ಬೇಡವೆಂದೆ. ಸೊಸೆ ಮುನಿದಿದ್ದಾಳೆ. ಈ ತಿಂಗಳಿಂದ ಮಗ ಐದೂವರೆಗೆ ಎದ್ದು ಅದನ್ನು ನಡೆಸುತ್ತಿದ್ದಾನೆ; ಹಗಲಿನ ಏರ್ಪಾಡು ಇನ್ನೂ ಆಗಿಲ್ಲ.