ಟವೆಲಿನ ಕೆಳಗಿನ ದರ

ಒಂದೇ ಸರಕಿಗೆ, ಒಂದೇ ದಿನ, ಒಂದೇ ಅಂಗಡಿಯವನು ಇಬ್ಬರು ಗಿರಾಕಿಗಳಿಂದ ಎರಡು ದರ ತೆಗೆದುಕೊಂಡರೆ ನಮ್ಮ ಸೇಡಂನ ಕಿರಾಣಿ ಓಣಿಯಲ್ಲಿ ಅದಕ್ಕೆ ಮೋಸವೆಂದು ಹೆಸರು. ಅದನ್ನೇ ಟೀವಿ ತೋರಿಸುವ ದೊಡ್ಡ ಕಂಪನಿಯೊಂದು ಟೆಲಿಫೋನಿನ ಮೂಲಕ ಮಾಡಿದರೆ ಅದಕ್ಕೆ ವಿಶೇಷ ರಿಯಾಯಿತಿ ಎಂದು ಹೆಸರು. ಅದನ್ನು ಪಡೆದವನಿಗೆ ಜಾಣನೆಂದು ಹೆಸರು. ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಈ ಜಾಣತನದ ಕಥೆಗಳು ಈಗ ಬಹಳ. ಒಬ್ಬರು ತಿಂಗಳ ಚಂದಾದಲ್ಲಿ ಅರವತ್ತು ರೂಪಾಯಿ ಇಳಿಸಿದರಂತೆ. ಇನ್ನೊಬ್ಬರು ಎರಡು ತಿಂಗಳು ಪುಕ್ಕಟೆಯಾಗಿ ಪಡೆದರಂತೆ. ಹೇಳುವವರ ಮುಖದಲ್ಲಿ ಕೋಟೆ ಗೆದ್ದ ಕಳೆ ಇರುತ್ತದೆ. ಈ ಗೆಲುವಿನ ಖರ್ಚು ಕೊಡುವವರು ಯಾರು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದನ್ನು ಕೇಳಬೇಕೆಂದೇ ಈ ಲೇಖನ.

ವ್ಯವಹಾರದ ರೀತಿ ಹೀಗೆ. ಚಂದಾ ಮುಗಿಯುವ ದಿನ ಹಣ ತುಂಬದೆ ಸುಮ್ಮನಿರಬೇಕು. ಎರಡು ದಿನಕ್ಕೆ ಸಂದೇಶ ಬರುತ್ತದೆ, ನಾಲ್ಕು ದಿನಕ್ಕೆ ಕರೆ ಬರುತ್ತದೆ. ಬಾರದಿದ್ದರೆ ನಾವೇ ಗ್ರಾಹಕ ಸೇವೆಗೆ ಕರೆ ಮಾಡಿ, ಹತ್ತು ನಿಮಿಷ ಸಂಗೀತ ಕೇಳಿ, ಕೊನೆಗೆ 'ನಿಮ್ಮ ಸಂಪರ್ಕ ತೆಗೆಸುತ್ತೇವೆ, ಬೇರೆ ಕಂಪನಿಗೆ ಹೋಗುತ್ತೇವೆ' ಎನ್ನಬೇಕು. ಇದು ಮಂತ್ರ. ಅದುವರೆಗೆ ಒಂದು ಪೈಸೆಯೂ ಇಳಿಯದ ದರ ಈ ಮಂತ್ರ ಕೇಳಿದೊಡನೆ ಇಳಿಯತೊಡಗುತ್ತದೆ. ನನ್ನ ಮನೆಗೆ ತಿಂಗಳಿಗೆ 340 ರೂಪಾಯಿ ಬೀಳುತ್ತಿತ್ತು. ಮಂತ್ರ ಹೇಳಿದ ಮೇಲೆ 280 ಆಯಿತು. ಚಾನೆಲು ಒಂದೂ ಕಡಿಮೆಯಾಗಲಿಲ್ಲ. ಡಬ್ಬಿ ಅದೇ, ಮಾಳಿಗೆಯ ಮೇಲಿನ ಛತ್ರಿ ಅದೇ. 'ಈ ದರ ನಿಮ್ಮ ಯಾವ ಪಟ್ಟಿಯಲ್ಲಿದೆಯಮ್ಮಾ?' ಎಂದು ಕೇಳಿದೆ. 'ಪಟ್ಟಿಯಲ್ಲಿ ಇಲ್ಲ ಸರ್, ಇದು ನಿಮಗೆ ಮಾತ್ರ' ಎಂದಳು ಆ ಹುಡುಗಿ. ಅವಳ ತಪ್ಪೇನಿಲ್ಲ, ಹೇಳೆಂದದ್ದನ್ನು ಹೇಳಿದಳು. ಆದರೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ನನಗೆ ಬೇಕಾಗಿಲ್ಲ.

ಆಮೇಲೆ ಬಂಧುಬಳಗದಲ್ಲಿ ವಿಚಾರಿಸಿದೆ. ಅದೇ ಕಂಪನಿ, ಅದೇ ಪ್ಯಾಕು. ವಾಡಿಯ ಸಿಮೆಂಟು ಕಾರ್ಖಾನೆಯಿಂದ ನಿವೃತ್ತರಾದ ನನ್ನ ಷಡ್ಡಕರು 260 ಕೊಡುತ್ತಾರೆ. ಅವರಿಗೆ ಹಿಂದಿ ನೀರು ಕುಡಿದಷ್ಟು ಸಲೀಸು. ಹೊತ್ತು ಕಳೆಯುವುದೇ ಈಗ ಅವರಿಗಿರುವ ಕೆಲಸ. ಶಹಾಬಾದಿನಲ್ಲಿ ಹಾಸುಗಲ್ಲಿನ ವ್ಯಾಪಾರ ಮಾಡುವ ಗೆಳೆಯ 340 ಕೊಡುತ್ತಾನೆ. ಲಾರಿ, ಹಮಾಲರು, ಲೆಕ್ಕಪತ್ರಗಳ ನಡುವೆ ಹತ್ತು ನಿಮಿಷ ಸಂಗೀತ ಕೇಳುತ್ತ ಕೂಡಲು ಅವನಿಗೆ ಪುರುಸೊತ್ತಿಲ್ಲ. ಚಿಂಚೋಳಿ ತಾಲೂಕಿನ ಹಳ್ಳಿಯಲ್ಲಿರುವ ನನ್ನ ಅಕ್ಕನೂ 340 ಕೊಡುತ್ತಾಳೆ. ಊರ ಮೊಬೈಲ್ ಅಂಗಡಿಯ ಹುಡುಗನ ಕೈಯಲ್ಲಿ ರೊಕ್ಕವಿಟ್ಟು ಬರುತ್ತಾಳೆ. ಫೋನು ಮಾಡಿ ಕೇಳಬಾರದೇ ಎಂದರೆ, 'ಅವ್ರು ಹಿಂದ್ಯಾಗ ಮಾತಾಡ್ತಾರ ತಮ್ಮಾ, ನಾ ಏನ್ ಹೇಳ್ಲಿ? ಎಷ್ಟ್ ಅಂತಾರ ಅಷ್ಟು ಕೊಟ್ಟುಬಿಡ್ತೀನಿ' ಎಂದಳು. ಈ ನಾಲ್ವರಲ್ಲಿ ಅತ್ಯಂತ ಬಡವಳು ಅವಳೇ. ಅತ್ಯಂತ ಹೆಚ್ಚಿನ ದರ ಕೊಡುವವರಲ್ಲಿಯೂ ಅವಳಿದ್ದಾಳೆ.

ರಿಯಾಯಿತಿ ಎಲ್ಲಿಂದ ಬರುತ್ತದೆಂಬುದನ್ನೂ ನೋಡೋಣ. ಟೀವಿ ಚಂದಾದಲ್ಲಿ ಎರಡು ಭಾಗಗಳಿವೆ. ಒಂದು ಚಾನೆಲುಗಳ ಬೆಲೆ. ಇದು ಕಾರ್ಯಕ್ರಮ ತಯಾರಿಸುವವರಿಗೆ ಸೇರತಕ್ಕದ್ದು. ಅದರಲ್ಲಿ ಕನಿಷ್ಠ ಶೇಕಡಾ 20ರಷ್ಟು ವಿತರಕನಿಗೆ ಸಲ್ಲುತ್ತದೆ. ಇನ್ನೊಂದು, ಸಂಪರ್ಕಕ್ಕೆಂದು ವಿತರಕನೇ ತೆಗೆದುಕೊಳ್ಳುವ ನೆಟ್‌ವರ್ಕ್ ಶುಲ್ಕ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2017ರಲ್ಲಿ ಹೊರಡಿಸಿದ, 2019ರ ಆರಂಭದಲ್ಲಿ ಮನೆಮನೆಗೂ ಮುಟ್ಟಿದ ಆಜ್ಞೆಯಲ್ಲಿ ಈ ಶುಲ್ಕ ತಿಂಗಳಿಗೆ 130 ರೂಪಾಯಿ ಮೀರಕೂಡದು, ಅದಕ್ಕೆ 100 ಚಾನೆಲು ಕೊಡಬೇಕು ಎಂದಿತ್ತು. ಶೇಕಡಾ 18ರ ತೆರಿಗೆ ಸೇರಿದರೆ 153 ರೂಪಾಯಿ 40 ಪೈಸೆ. 2020ರ ತಿದ್ದುಪಡಿಯಲ್ಲಿ ಅದೇ 130 ರೂಪಾಯಿಗೆ 200 ಚಾನೆಲು ಎಂದಾಯಿತು. 2024ರ ಜುಲೈಯಲ್ಲಿ ಪ್ರಾಧಿಕಾರ ಈ ಮಿತಿಯನ್ನೇ ತೆಗೆದುಹಾಕಿತು. ವಿತರಕನು ಪ್ರದೇಶಕ್ಕೊಂದು, ಗ್ರಾಹಕವರ್ಗಕ್ಕೊಂದು ಶುಲ್ಕ ಇಡಬಹುದು. ಆದರೆ ಇಟ್ಟದ್ದನ್ನು ಪ್ರಕಟಿಸಬೇಕು, ಗ್ರಾಹಕರಿಗೆ ತಿಳಿಸಬೇಕು ಎಂಬುದು ಅದರ ನಿಯಮ.

ಅಂದರೆ ವಿತರಕನ ಕೈಯಲ್ಲಿ ಇಳಿಸಲು ಜಾಗವಿದೆ. ಇಳಿಸಿದ ಮೇಲೂ ಅವನಿಗೆ ನಷ್ಟವಿಲ್ಲ, ಇದ್ದಿದ್ದರೆ ಇಳಿಸುತ್ತಿರಲಿಲ್ಲ. ಹೊಸ ಗಿರಾಕಿಯನ್ನು ಹುಡುಕಿ ತರುವುದಕ್ಕಿಂತ ಹೋಗುವವನನ್ನು ತಡೆದು ನಿಲ್ಲಿಸುವುದು ಅಗ್ಗವೆಂಬುದು ವ್ಯಾಪಾರದ ಹಳೆಯ ಲೆಕ್ಕ. ಇದರಲ್ಲಿ ತಪ್ಪಿಲ್ಲ. ನನ್ನ ಪ್ರಶ್ನೆ ಬೇರೆ. 280 ರೂಪಾಯಿಗೆ ನನಗೆ ಕೊಡಲು ಸಾಧ್ಯವಾದರೆ ನನ್ನ ಅಕ್ಕನಿಗೆ ಏಕೆ ಸಾಧ್ಯವಿಲ್ಲ? ಗ್ರಾಹಕವರ್ಗಕ್ಕೊಂದು ದರವಿರಬಹುದೆಂದು ನಿಯಮ ಹೇಳುತ್ತದೆ, ಸರಿ. ಹೋಗುತ್ತೇನೆಂದು ಹೆದರಿಸಿದವರದು ಒಂದು ವರ್ಗ, ಹೆದರಿಸಲು ಬಾರದವರದು ಇನ್ನೊಂದು ವರ್ಗ ಎಂದು ಯಾವ ಪಟ್ಟಿಯಲ್ಲಿ ಪ್ರಕಟವಾಗಿದೆ?

ಇಲ್ಲಿ ಕೆಲವರು ಆಕ್ಷೇಪಿಸುತ್ತಾರೆ: ಚೌಕಾಶಿ ನಮಗೇನು ಹೊಸದೇ? ಸಂತೆಯಲ್ಲಿ ಮೆಣಸಿನಕಾಯಿ ಕೊಳ್ಳುವಾಗ ಮಾಡುವುದಿಲ್ಲವೇ? ಮಾಡುತ್ತೇವೆ. ಚಿತ್ತಾಪುರದ ಸಂತೆಯಲ್ಲಿ ಹತ್ತು ಜನ ಮೆಣಸಿನಕಾಯಿ ಹರವಿ ಕೂತಿರುತ್ತಾರೆ. ಸರಕು ಕಣ್ಣೆದುರಿಗಿದೆ, ಮುರಿದು ನೋಡಬಹುದು, ಮೂಸಿ ನೋಡಬಹುದು. ಒಬ್ಬಳಿಗೆ ಎಷ್ಟಕ್ಕೆ ಕೊಟ್ಟನೆಂಬುದು ಹಿಂದೆ ನಿಂತವಳ ಕಿವಿಗೆ ಬೀಳುತ್ತದೆ. 'ಅಕಿಗಿ ಕೊಟ್ಟಂಗ ನಮಗೂ ಕೊಡು' ಎಂದು ಅವಳು ಚೀಲ ಹಿಡಿಯುತ್ತಾಳೆ. ಒಬ್ಬಳ ಚೌಕಾಶಿ ಹತ್ತು ಜನರ ದರವನ್ನು ಇಳಿಸುತ್ತದೆ. ಮೇಲೆ ಒಂದು ಹಿಡಿ ಕೊಸರೂ ಬೀಳುತ್ತದೆ. ಸಂತೆಯ ಚೌಕಾಶಿ ಬಹಿರಂಗವಾದುದು. ಆದುದರಿಂದಲೇ ಅದು ನ್ಯಾಯವಾದುದು.

ಟೀವಿ ಕಂಪನಿಯ ಚೌಕಾಶಿಗೆ ಹೋಲುವುದು ಮೆಣಸಿನಕಾಯಿಯ ಸಂತೆಯಲ್ಲ, ದನದ ಸಂತೆ. ಅಲ್ಲಿ ದಲಾಲಿಯು ಟವೆಲಿನ ಕೆಳಗೆ ಕೈ ಹಾಕಿ, ಕೊಳ್ಳುವವನ ಬೆರಳು ಹಿಡಿದು ದರ ಮುಗಿಸುವ ಪದ್ಧತಿಯಿದೆ. ಸುತ್ತ ನೂರು ಜನ ನಿಂತಿದ್ದರೂ ದರ ಗೊತ್ತಾಗುವುದು ಎರಡು ಕೈಗಳಿಗೆ ಮಾತ್ರ. ಧಾನ್ಯದ ಪೇಟೆಗಳಲ್ಲಿಯೂ ಒಂದು ಕಾಲಕ್ಕೆ ಇದೇ ನಡೆಯುತ್ತಿತ್ತು. ತೊಗರಿ ತಂದ ರೈತ ಪಕ್ಕದಲ್ಲಿಯೇ ಕೂತಿದ್ದರೂ ಬಟ್ಟೆಯ ಕೆಳಗಿನ ಬೆರಳುಗಳ ಲೆಕ್ಕ ಅವನಿಗೆ ತಿಳಿಯುತ್ತಿರಲಿಲ್ಲ. ಅದನ್ನು ನಿಲ್ಲಿಸಬೇಕೆಂದೇ ನಿಯಂತ್ರಿತ ಮಾರುಕಟ್ಟೆಗಳು ಬಂದವು. ಕರ್ನಾಟಕದ 1966ರ ಕೃಷಿ ಮಾರುಕಟ್ಟೆ ಕಾಯಿದೆಯು ಪ್ರಾಂಗಣದ ವ್ಯಾಪಾರ ಬಹಿರಂಗ ಹರಾಜಿನಿಂದಲೋ ಟೆಂಡರಿನಿಂದಲೋ ನಡೆಯಬೇಕೆಂದಿತು. ರೈತನ ತೊಗರಿಗೆ ಬೇಡವೆಂದು ಅರ್ಧ ಶತಮಾನಕ್ಕೂ ಹಿಂದೆ ನಾವು ಎತ್ತಿ ಹಾಕಿದ ಟವೆಲನ್ನು ಇಂದು ಆಕಾಶದ ಉಪಗ್ರಹದ ವ್ಯಾಪಾರಕ್ಕೆ ಮತ್ತೆ ಹೊದಿಸುತ್ತಿದ್ದೇವೆ.

ಎರಡನೆಯ ಆಕ್ಷೇಪ: ಕೇಳಿದವನಿಗೆ ಕೊಡುತ್ತಾರೆ, ಕೇಳದಿದ್ದರೆ ಯಾರ ತಪ್ಪು? ವಾಡಿ ಜಂಕ್ಷನ್ನಿನ ಟಿಕೇಟು ಕಿಟಕಿಯಲ್ಲಿ ನಿಂತು ನೋಡಿರಿ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ನಿಜಾಮರ ಕಾಲದ ಹಳಿ ಬಿದ್ದಿತು. ಚಿತ್ತಾಪುರ, ಸೇಡಂ ಅದೇ ಹಳಿಯ ಮೇಲಿವೆ. ಪ್ಯಾಸೆಂಜರ್ ಗಾಡಿಯಲ್ಲಿ ಸೇಡಮ್ಮಿಗೆ ಹೊರಟ ವಕೀಲನಿಗೂ ಕೂಲಿಯವಳಿಗೂ ಅಲ್ಲಿ ಒಂದೇ ದರ. 'ಕಡಿಮೆ ಮಾಡದಿದ್ದರೆ ಬಸ್ಸಿಗೆ ಹೋಗುತ್ತೇನೆ' ಎಂದು ವಕೀಲರು ಗದರಿದರೆ ಕಿಟಕಿಯವನು ಐದು ರೂಪಾಯಿ ಬಿಟ್ಟು, ಹಿಂದೆ ಸುಮ್ಮನೆ ನಿಂತ ಕೂಲಿಯವಳಿಂದ ಪೂರ್ತಿ ತೆಗೆದುಕೊಂಡನೆನ್ನಿ. 'ಕೇಳದಿದ್ದುದು ಅವಳ ತಪ್ಪು' ಎಂದು ನಾವು ಹೇಳುತ್ತೇವೆಯೆ? ಸ್ಟೇಷನ್ ಮಾಸ್ತರರನ್ನು ಕರೆಸಿ ಜಗಳ ತೆಗೆಯುವವರಲ್ಲಿ ಆ ವಕೀಲರೇ ಮೊದಲಿಗರಾಗುತ್ತಾರೆ.

ಹೆದರಿಸುವುದಕ್ಕೆ ಬಾಯಿದ್ದರೆ ಸಾಲದು, ಹೋಗುವುದಕ್ಕೆ ಬೇರೆ ದಾರಿಯೂ ಇರಬೇಕು. ಬೆಂಗಳೂರಿನಲ್ಲಿ, ಕಲಬುರಗಿಯ ಬಡಾವಣೆಗಳಲ್ಲಿ ಮನೆಗೆ ಇಂಟರ್ನೆಟ್ಟಿನ ತಂತಿ ಬಂದಿದೆ. ಟೀವಿ ಕಂಪನಿಯನ್ನು ಬಿಟ್ಟರೂ ಧಾರಾವಾಹಿ ತಪ್ಪುವುದಿಲ್ಲ. ಅವರು 'ಹೋಗುತ್ತೇವೆ' ಎಂದರೆ ಕಂಪನಿ ನಂಬುತ್ತದೆ. ಚಿಂಚೋಳಿಯ ಕಾಡಂಚಿನ ತಾಂಡಾದವನು ಹೋಗುತ್ತೇನೆಂದರೆ ಎಲ್ಲಿಗೆ ಹೋಗುತ್ತಾನೆ? ಪ್ರಸಾರ ಭಾರತಿಯ ಫ್ರೀ ಡಿಶ್ ಇದೆಯಲ್ಲ ಎನ್ನುವಿರಿ. 2004ರಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂದು ಆರಂಭವಾದ ಅದಕ್ಕೆ ತಿಂಗಳ ಚಂದಾ ಇಲ್ಲ, ನಿಜ, ಚಂದನವೂ ಬರುತ್ತದೆ. ಆದರೆ ಅಲ್ಲಿನ ಬಹುಭಾಗ ಹಿಂದಿ. ಕನ್ನಡವೊಂದೇ ಬಲ್ಲ ಮನೆಯ ಸಂಜೆ ಅಷ್ಟರಿಂದ ತುಂಬುವುದಿಲ್ಲ. ಹೀಗೆ, ಬಿಟ್ಟುಹೋಗಬಲ್ಲವನಿಗೆ ರಿಯಾಯಿತಿ, ಬಿಡಲಾರದವನಿಗೆ ಪೂರ್ತಿ ದರ ಎಂದಾಯಿತು. ಕಂಪನಿಗೆ ನಿಷ್ಠನಾಗಿ ಎಂಟು ವರ್ಷ ತಪ್ಪದೆ ಹಣ ಕಟ್ಟಿದವನಿಗೆ ಆ ನಿಷ್ಠೆಯೇ ದಂಡ.

ಮೂರನೆಯ ಆಕ್ಷೇಪ ನಮ್ಮ ಸುಶಿಕ್ಷಿತರದು: ಅರವತ್ತು ರೂಪಾಯಿಗಾಗಿ ಇಷ್ಟು ಮಾತೇ? ತಿಂಗಳಿಗೆ 60 ಎಂದರೆ ವರ್ಷಕ್ಕೆ 720. ಕರ್ನಾಟಕದಲ್ಲಿ 2024-25ರ ಸಾಲಿಗೆ ಉದ್ಯೋಗ ಖಾತರಿಯ ದಿನಗೂಲಿ 349 ರೂಪಾಯಿ ಎಂದು ಗೊತ್ತುಮಾಡಿದ್ದರು. ಆ ಲೆಕ್ಕದಲ್ಲಿ ನನ್ನ ಅಕ್ಕನಂಥವರು ವರ್ಷಕ್ಕೆ ಎರಡು ದಿನ ಬಿಸಿಲಲ್ಲಿ ಮಣ್ಣು ಹೊತ್ತ ಕೂಲಿಗಿಂತ ಹೆಚ್ಚನ್ನು ನನಗೆ ಸಿಕ್ಕ ರಿಯಾಯಿತಿಯ ಪಾಲಿಗೆ ಹಾಕುತ್ತಾರೆ. ಕಲಬುರಗಿಯ ಬಿಸಿಲು ಎಂಥದೆಂಬುದನ್ನು ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಟೀವಿ ಇಲ್ಲದಿದ್ದರೆ ಪ್ರಾಣ ಹೋಗುತ್ತದೆಯೇ ಎಂದು ಕೇಳುವವರಿಗೆ ನಮ್ಮ ಜಿಲ್ಲೆಯ ಹಳೆಯ ಸಂಗತಿಯೊಂದನ್ನು ನೆನಪಿಸುತ್ತೇನೆ. ಬೆಂಗಳೂರಿನಲ್ಲಿ ದೂರದರ್ಶನವಿಲ್ಲದಿದ್ದ ಕಾಲದಲ್ಲಿ, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದಿಂದ ಎರವಲು ತಂದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಬಂದಿತು. ಕರ್ನಾಟಕದಲ್ಲಿ ಆಯ್ದುಕೊಂಡ ಜಿಲ್ಲೆಗಳು ಮೂರು: ಆಗಿನ ಗುಲಬರ್ಗಾ, ರಾಯಚೂರು, ಬಿಜಾಪುರ. ಊರಿಗೊಂದು ಟೀವಿ, ದಿನಕ್ಕೆ ಸುಮಾರು ನಾಲ್ಕು ತಾಸಿನ ಕಾರ್ಯಕ್ರಮ: ಮಕ್ಕಳಿಗೆ ಪಾಠ, ರೈತರಿಗೆ ಬೇಸಾಯ, ತಾಯಂದಿರಿಗೆ ಆರೋಗ್ಯ. ಹಿಂದುಳಿದ ಜಿಲ್ಲೆಗೆ ಮೊದಲು ಮುಟ್ಟಬೇಕೆಂಬುದೇ ಆ ಪ್ರಯೋಗದ ಉದ್ದೇಶವಾಗಿತ್ತು. ಊರವರೆಲ್ಲ ಕೂಡಿ ಒಂದು ಟೀವಿಯ ಮುಂದೆ ಕೂತರು. ಗೌಡನಿಗೊಂದು, ಆಳಿಗೊಂದು ದರವಿರಲಿಲ್ಲ. ಆ ಕಾಲ ಮರಳಲಿ ಎಂದು ನಾನು ಹೇಳುತ್ತಿಲ್ಲ. ನೋಡುವುದಕ್ಕೆ ಹಣ ಕೊಡುತ್ತೇವೆ. ಆದರೆ ಟೀವಿಯನ್ನು ಸರಕಾರವೇ ಒಮ್ಮೆ ಶಾಲೆಯ ಹಲಗೆಯಂತೆ ಹಳ್ಳಿಗೆ ತಂದಿತ್ತು. ಅದು ಬರಿಯ ಶೋಕಿಯ ವಸ್ತುವೆಂದು ಈಗ ಕೈತೊಳೆದುಕೊಳ್ಳುವುದು ಸಲ್ಲದು.

ನಾನು ಕೇಳುವುದು ಪುಕ್ಕಟೆಯ ಟೀವಿಯನ್ನಲ್ಲ; ಬರೆದ ದರವನ್ನು. ಒಬ್ಬ ಗ್ರಾಹಕನಿಗೆ ಫೋನಿನಲ್ಲಿ ಕೊಟ್ಟ ದರವನ್ನು ಕಂಪನಿಯು ಅದೇ ಪ್ಯಾಕಿನ ಎಲ್ಲ ಗ್ರಾಹಕರಿಗೂ ಅದೇ ತಿಂಗಳು ಪ್ರಕಟಿಸಬೇಕು. ಹಣ ತುಂಬುವ ಮುಂಚೆ ಬರುವ ಸಂದೇಶದಲ್ಲಿ, ಆ ಚಾನೆಲುಗಳಿಗೆ ಲಭ್ಯವಿರುವ ಅತಿ ಕಡಿಮೆ ದರ ಯಾವುದೆಂದು ಕನ್ನಡದಲ್ಲಿ ಬರೆದಿರಬೇಕು. ಪ್ಯಾಕು ಬದಲಿಸಲು, ಸಂಪರ್ಕ ಬಿಡಲು ಕರೆ ಮಾಡಿದವನ ಜೊತೆ ಅವನ ಭಾಷೆಯಲ್ಲಿಯೇ ಮಾತಾಡಬೇಕು. ಪ್ರಕಟಿಸಬೇಕೆಂಬ ನಿಯಮವನ್ನು ಪ್ರಾಧಿಕಾರವೇ ಮಾಡಿದೆ. ಅದರ ಅರ್ಥವನ್ನು ಈ ಮೂರು ಮಾತುಗಳವರೆಗೆ ವಿಸ್ತರಿಸಲು ಹೊಸ ಕಾಯಿದೆಯೇನೂ ಬೇಕಾಗಿಲ್ಲ.

ಇನ್ನು ನಮ್ಮ ಜಾಣರಿಗೆ ಒಂದು ಮಾತು. ಮುಂದಿನ ಸಲ ನೀವು ಮಂತ್ರ ಹೇಳಿ ದರ ಇಳಿಸಿದಾಗ, ಫೋನು ಇಡುವ ಮೊದಲು ಒಂದು ಪ್ರಶ್ನೆ ಕೇಳಿರಿ: 'ಈ ದರ ನಮ್ಮ ತಾಲೂಕಿನ ಎಲ್ಲರಿಗೂ ಇದೆಯೇ? ಬರೆದು ಕಳಿಸುತ್ತೀರಾ?' ಇಲ್ಲವೆಂದರೆ, ವಿತರಕರು ರಾಜ್ಯಕ್ಕೊಬ್ಬರಂತೆ ನೇಮಿಸಬೇಕಾದ ನೋಡಲ್ ಅಧಿಕಾರಿಗೆ ಅದನ್ನೇ ದೂರಾಗಿ ಬರೆಯಿರಿ. ಬಳಿಕ ನಿಮಗೆ ಸಿಕ್ಕ ದರವನ್ನು ಓಣಿಗೆಲ್ಲ ಹೇಳಿರಿ. ಮೊಬೈಲ್ ಅಂಗಡಿಯ ಹುಡುಗನಿಗೆ ಮೊದಲು ಹೇಳಿರಿ. ನಾನು ನನ್ನ 280ನ್ನು ಅಕ್ಕನ ಊರಿನ ಅಂಗಡಿಯ ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಸಿ ಬಂದಿದ್ದೇನೆ. ಅಲ್ಲಿ ರೊಕ್ಕ ಕೊಡಲು ಬಂದವರೆಲ್ಲ ಈಗ ಅದನ್ನು ಓದಿ, 340 ಏಕೆಂದು ಆ ಹುಡುಗನನ್ನು ಕೇಳುತ್ತಿದ್ದಾರೆ. ಅವನ ಬಳಿ ಉತ್ತರವಿಲ್ಲ. ಉತ್ತರ ಕೊಡಬೇಕಾದವರು ಕೊಡಲಿ.